ದೊಡ್ಡತ್ತೆ ಸತ್ತ ದಿನ

ಸತ್ತವರು ಸತ್ತಿದ್ದಾರೆ ಎಂದು ತೋರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಕಷ್ಟವಿರುವುದು ಬದುಕಿದ್ದೇವೆ ಎಂದು ತೋರಿಸುವುದರಲ್ಲಿ. ನಿವೃತ್ತರಾದ ನಮ್ಮ ಹಿರಿಯ ಮೇಷ್ಟ್ರುಗಳು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ತಾವಿನ್ನೂ ಜೀವಂತವಾಗಿದ್ದೇವೆಂದು ಸಹಿ ಹಾಕಿ ಬರಬೇಕಿತ್ತು. ಸತ್ತವರಿಗೆ ಈ ಓಡಾಟವಾದರೂ ಇಲ್ಲವಲ್ಲ ಎಂದು ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ೨೦೧೮ರ ಒಂದು ಭಾನುವಾರ ನನ್ನ ತಮ್ಮ ಬದನವಾಳಿನಿಂದ ನಂಜನಗೂಡಿನ ನಮ್ಮ ಮನೆಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿದ ಮೇಲೆ ನನ್ನ ಆ ನಗು ನಿಂತಿತು.

ತಾತನ ಹೆಸರಿನಲ್ಲೇ ಉಳಿದುಹೋಗಿದ್ದ ಜಮೀನಿಗೆ ಪೌತಿ ಖಾತೆ ಮಾಡಿಸಲು ಅವನು ಹೊರಟಿದ್ದ. ಅದಕ್ಕೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ತಾತನ ಕೆಳಗೆ ಎರಡು ಕೊಂಬೆ. ಒಂದು ನಮ್ಮ ತಂದೆ, ಇನ್ನೊಂದು ತಂದೆಯ ಅಕ್ಕ, ನಮ್ಮ ದೊಡ್ಡತ್ತೆ. ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರಿಂದ ಅವರ ಮರಣ ಅಲ್ಲಿಂದಲೇ ದಾಖಲಾಗಿ, ಪತ್ರವೂ ಕೈಗೆ ಬಂದಿತ್ತು. ದೊಡ್ಡತ್ತೆ ಸತ್ತದ್ದು ಮನೆಯ ಪಡಸಾಲೆಯಲ್ಲಿ. ಅವಳ ಪತ್ರ ಇರಲಿಲ್ಲ.

“ಅತ್ತೆ ಹೋಗಿ ಎರಡು ವರ್ಷ ಆಯ್ತಲ್ಲೋ. ಆಗಲೇ ಯಾಕೆ ಬರೆಸಲಿಲ್ಲ?” ಎಂದು ಕೇಳಿದೆ.

“ಯಾತಕ್ಕೆ ಬರೆಸ್ಬೇಕಿತ್ತಕ್ಕ? ಅತ್ತೆ ಹೆಸರಲ್ಲಿ ಏನಿತ್ತು?” ಎಂದ.

ಅವನನ್ನು ಬೈಯುವ ಅಧಿಕಾರ ನನಗಿರಲಿಲ್ಲ. ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಪೌರನೀತಿ ಪಾಠ ಹೇಳುವ ನಾನೂ ಬರೆಸಿರಲಿಲ್ಲ. ನನ್ನ ತಲೆಗೂ ಅದು ಹೊಳೆದಿರಲಿಲ್ಲ.

ದೊಡ್ಡತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಿರಲಿಲ್ಲ. ನಮ್ಮೂರಿನ ಖಾದಿ ಕೇಂದ್ರ ೧೯೨೭ರಷ್ಟು ಹಳೆಯದು. ಗಾಂಧೀಜಿ ಬಂದುಹೋದ ಜಾಗ ಎಂದು ಊರವರೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿ ಅವಳು ಕೈಲಾಗುವವರೆಗೂ ನೂಲು ತೆಗೆದಳು. ಬೆಳಿಗ್ಗೆ ಹಂಜಿ ತೆಗೆದುಕೊಂಡು ರಾಟೆಯ ಮುಂದೆ ಕೂತರೆ ಸಂಜೆಗೆ ಲಡಿ ಎಣಿಸಿ ಕೊಟ್ಟು ಬರುವಳು. ಆ ದುಡ್ಡಿನಲ್ಲಿ ನನಗೆ ಸ್ಲೇಟು, ಬಳಪ, ಮುಂದೆ ಹೈಸ್ಕೂಲಿನ ಫೀಜು. ಓದು ಬಾರದಿದ್ದರೂ ನಮ್ಮ ಮನೆಯ ಮರಣಗಳ ಲೆಕ್ಕವೆಲ್ಲ ಅವಳ ಬಾಯಲ್ಲೇ ಇತ್ತು. ತಾತ ಹೋದದ್ದು ಯಾವ ಅಮಾವಾಸ್ಯೆಯ ಎಷ್ಟನೇ ದಿನ, ಹುಟ್ಟಿ ಮೂರೇ ದಿನಕ್ಕೆ ಹೋದ ನನ್ನ ತಂಗಿ ಯಾವ ಮಳೆಯಲ್ಲಿ ಹೋಯಿತು, ಎಲ್ಲವನ್ನೂ ಹೇಳುತ್ತಿದ್ದಳು. ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುವಾಗ ಒಬ್ಬೊಬ್ಬರ ಹೆಸರನ್ನೂ ಹಿಡಿದು ಕರೆಯುವಳು. ನಮ್ಮ ಮನೆಯ ಮರಣದ ರಿಜಿಸ್ಟರ್ ಅವಳೇ. ಅವಳು ಸತ್ತಾಗ ಬರೆದುಕೊಳ್ಳುವವರು ಇಲ್ಲದೆ ಹೋದರು.

ಕಾನೂನು ಏನು ಹೇಳುತ್ತದೆಂದು ಆಮೇಲೆ ಓದಿ ತಿಳಿದುಕೊಂಡೆ. ಜನನ ಮರಣ ನೋಂದಣಿ ಕಾಯ್ದೆ ೧೯೬೯ರದು. ಮನೆಯಲ್ಲಿ ಸಾವಾದರೆ ಮನೆಯ ಯಜಮಾನ, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ, ೨೧ ದಿನದೊಳಗೆ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ಪತ್ರ ಬಿಟ್ಟಿ. ೩೦ ದಿನದೊಳಗಾದರೆ ತಡವಾದದ್ದಕ್ಕೆ ಸಣ್ಣ ಶುಲ್ಕ. ವರ್ಷದೊಳಗಾದರೆ ಆಗ ಅಫಿಡವಿಟ್ಟು, ಅಧಿಕಾರಿಯ ಲಿಖಿತ ಅನುಮತಿ ಬೇಕಿತ್ತು. ವರ್ಷ ದಾಟಿದರೆ ಆಗ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಿತ್ತು. ೨೦೨೩ರ ತಿದ್ದುಪಡಿ ಬಂದ ಮೇಲೆ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ, ಉಪವಿಭಾಗದ ದಂಡಾಧಿಕಾರಿಗಳಿಗೆ ಅಥವಾ ಜಿಲ್ಲಾ ದಂಡಾಧಿಕಾರಿಗಳು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಬಂದಿದೆ. ನಮ್ಮ ಪಾಲಿಗೆ ಇದ್ದದ್ದು ಕೋರ್ಟಿನ ದಾರಿಯೇ.

ತಮ್ಮ ಬಂದದ್ದು ಕೋರ್ಟಿನ ದಾರಿ ಕೇಳಲು ಅಲ್ಲ. ಅವನಿಗೆ ಯಾರೋ ಇನ್ನೊಂದು ದಾರಿ ಹೇಳಿಕೊಟ್ಟಿದ್ದರು.

“ಹೋದ ವಾರ ತೀರ್ಕೊಂಡ್ರು ಅಂತ ಬರೆಸಿಬಿಟ್ರೆ ೨೧ ದಿನದೊಳಗೆ ಬರುತ್ತೆ ಅಕ್ಕ. ಮನೇಲಿ ಸತ್ತೋರಿಗೆ ನಾವು ಹೇಳಿದ್ದೇ ದಿನಾಂಕ. ಪಕ್ಕದ ಮನೆಯವರಿಬ್ಬರು ಸಾಕ್ಷಿಗೆ ಒಪ್ಪಿದ್ದಾರೆ. ನೀನು ಟೀಚರು. ನಿನ್ನ ಸಹಿ ಇದ್ರೆ ಯಾರೂ ಮರುಪ್ರಶ್ನೆ ಕೇಳಲ್ಲ.”

ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿದ. “ಇದರಿಂದ ಯಾರಿಗೆ ನಷ್ಟ ಹೇಳು? ಅತ್ತೆ ಸತ್ತಿರೋದಂತೂ ಸುಳ್ಳಲ್ಲ. ಮಕ್ಕಳಿಲ್ಲ, ಮರಿಯಿಲ್ಲ. ದಿನ ಒಂದು ಆಚೀಚೆ ಆದ್ರೆ ಏನಾಯ್ತು? ನಿನ್ನ ಹುಟ್ಟಿದ ದಿನ ಮಾತ್ರ ನಿಜವಾ?”

ಅವನು ಹಿಡಿದ ಎಳೆ ಗಟ್ಟಿಯಾಗಿಯೇ ಇತ್ತು. ನನ್ನ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ ಒಂದು. ಅಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು ಕಾರ್ತಿಕ ಮಾಸದ ಚಳಿಯಲ್ಲಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ ಜೂನ್ ಒಂದು ಎಂದು ಬರೆದುಕೊಂಡರಂತೆ. ನಮ್ಮ ಕಾಲದ ಹಳ್ಳಿ ಮಕ್ಕಳಲ್ಲಿ ಎಷ್ಟೋ ಜನ ಹೀಗೆ ಒಂದೇ ದಿನ ಹುಟ್ಟಿದವರು. ಆ ತಾರೀಕಿನ ಮೇಲೆಯೇ ನನಗೆ ಕೆಲಸ ಸಿಕ್ಕಿದೆ, ಬಡ್ತಿ ಸಿಕ್ಕಿದೆ, ನಿವೃತ್ತಿಯೂ ಅದೇ ಲೆಕ್ಕದಲ್ಲಿ ಬರುತ್ತದೆ. ಬದುಕಿನ ಒಂದು ತುದಿ ಸುಳ್ಳಾಗಿ ನಡೆಯುವುದಾದರೆ ಇನ್ನೊಂದು ತುದಿ ಯಾಕೆ ನಡೆಯಬಾರದು?

ನಮ್ಮವರೂ ತಮ್ಮನ ಕಡೆಗೇ ಸೇರಿಕೊಂಡರು. “ಅವನ ಕೆಲಸ ನಿಲ್ಲಿಸಬೇಡ. ಕೋರ್ಟು ವಕೀಲರು ಎಂದರೆ ಆರು ತಿಂಗಳು” ಎಂದರು. ಸುಳ್ಳು ಮಾಹಿತಿ ಕೊಟ್ಟರೆ ಆಗಿನ ಕಾನೂನಿನಲ್ಲಿ ದಂಡ ಹೆಚ್ಚೆಂದರೆ ೫೦ ರೂಪಾಯಿ. ನಿಜ ಹೇಳುವುದಕ್ಕೆ ವಕೀಲರ ಫೀಜೇ ಅದರ ಎಷ್ಟೋ ಪಟ್ಟು. ಸರ್ಕಾರವೇ ಸುಳ್ಳನ್ನು ಇಷ್ಟು ಅಗ್ಗ ಮಾಡಿಟ್ಟಿರುವಾಗ ನನ್ನದೇನು ಹಟ ಎಂದು ನನಗೂ ಅನ್ನಿಸಿತು. ಫಾರಂ ಕೈಗೆತ್ತಿಕೊಂಡೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ.

ಆಗ ಕೈ ತಡೆದದ್ದು ಸತ್ಯಸಂಧತೆ ಎಂದು ಹೇಳಿಕೊಂಡರೆ ಅದೇ ಇನ್ನೊಂದು ಸುಳ್ಳಾದೀತು. ಮರಣದ ದಿನಾಂಕ ಎಂಬ ಕಡೆ ಕಣ್ಣು ನಿಂತಿತು. ದೊಡ್ಡತ್ತೆ ಸತ್ತ ದಿನ ನನಗೆ ಚೆನ್ನಾಗಿ ಗೊತ್ತು. ೨೦೧೬ರ ಏಪ್ರಿಲ್, ಯುಗಾದಿಗೆ ನಾಲ್ಕು ದಿನ ಮೊದಲು. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದ ಕಾಲ. ಅದಕ್ಕೆ ಎರಡು ದಿನ ಮೊದಲೇ, “ಅತ್ತೆ ನಿನ್ನ ನೋಡ್ಬೇಕಂತೆ” ಎಂದು ತಮ್ಮ ಫೋನು ಮಾಡಿದ್ದ. ನಂಜನಗೂಡಿನಿಂದ ಬದನವಾಳಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಸಂಜೆ ಹೋಗಿ ರಾತ್ರಿ ಬರಬಹುದಿತ್ತು. “ಪರೀಕ್ಷೆ ಮುಗಿಯಲಿ, ಹಬ್ಬಕ್ಕೆ ಬರುತ್ತೇನೆ” ಎಂದುಬಿಟ್ಟೆ. ಆ ದಿನ ಪರೀಕ್ಷೆಯ ಕೊಠಡಿಗೆ ಹೋಗುವಾಗ ಮೊಬೈಲನ್ನು ಹೊರಗಿಟ್ಟು ಹೋಗಿದ್ದೆ. ಮಧ್ಯಾಹ್ನ ಹೊರಗೆ ಬಂದು ನೋಡಿದರೆ ತಮ್ಮನ ಹನ್ನೊಂದು ಕರೆ. ಬಿಸಿಲುಗಾಲ, ಹೆಚ್ಚು ಹೊತ್ತು ಇಡುವ ಹಾಗಿರಲಿಲ್ಲ. ನಾನು ಊರು ಸೇರುವ ಹೊತ್ತಿಗೆ ಮಣ್ಣು ಮಾಡಿ ಬಂದು ಎಲ್ಲರೂ ಕೈಕಾಲು ತೊಳೆಯುತ್ತಿದ್ದರು.

ಈಗ ಫಾರಮ್ಮಿನಲ್ಲಿ ಹೋದ ವಾರದ ದಿನಾಂಕ ಬರೆದರೆ ಆ ದಿನವೇ ಇಲ್ಲವಾಗುತ್ತದೆ. ನಾನು ಬಾರದೆ ಹೋದ ದಿನ ಅಳಿಸಿ, ಸಾವಿನ ಸುದ್ದಿ ತಿಳಿಸಿದವಳು ನಾನೇ ಎಂದು ಸರ್ಕಾರದ ಪುಸ್ತಕದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ ಎಂದ ತಮ್ಮ. ಲಾಭ ಯಾರಿಗೆ ಎಂದು ನೋಡಿಕೊಂಡರೆ ನನಗೇ. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ನಾವು ಕರೆಯುವುದರಲ್ಲಿ ಎಷ್ಟೋ ಸಲ ನಷ್ಟವಾದವರು ಬಾಯಿ ಬಿಡಲಾರದವರು ಆಗಿರುತ್ತಾರೆ.

ಜೂನ್ ಒಂದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆಗಲೇ ನನಗೆ ತಿಳಿದದ್ದು. ಮೇಷ್ಟ್ರು ಗೊತ್ತಿಲ್ಲದ್ದನ್ನು ಊಹಿಸಿ ಬರೆದರು. ನಾನು ಬರೆಯಹೊರಟಿದ್ದು ಗೊತ್ತಿರುವುದನ್ನು ಮುಚ್ಚುವುದಕ್ಕೆ. ಪೆನ್ನಿಗೆ ಮುಚ್ಚಳ ಹಾಕಿದೆ. “ಕೋರ್ಟಿನ ಖರ್ಚು ನಾನು ಕೊಡುತ್ತೇನೆ” ಎಂದೆ. ತಮ್ಮ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಒಂದು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಕೋರ್ಟಿಗೆ ಹೋಗುವ ಮೊದಲು ಇನ್ನೊಂದು ಕಾಗದ ಬೇಕು. ಈ ಹೆಸರಿನವರ ಮರಣ ನಮ್ಮ ಪುಸ್ತಕದಲ್ಲಿ ದಾಖಲಾಗಿಲ್ಲ ಎಂದು ನೋಂದಣಾಧಿಕಾರಿಯಿಂದ ಬರೆಸಿಕೊಳ್ಳುವ ಲಭ್ಯವಿಲ್ಲದ ಪತ್ರ. ಹಳ್ಳಿಯಲ್ಲಿ ಆಗ ಗ್ರಾಮ ಲೆಕ್ಕಿಗರೇ ನೋಂದಣಾಧಿಕಾರಿ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿದೆ. ನಮ್ಮ ಅಮ್ಮನಂಥವರಿಗೆ ಅವರು ಕೊನೆಗೂ ಶಾನುಭೋಗರೇ. ಅವರು ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಪತ್ರ ಬರೆದುಕೊಟ್ಟರು. ಬದುಕಿನುದ್ದಕ್ಕೂ ನೂಲು ತೆಗೆದವಳ ಬಗ್ಗೆ ನನ್ನ ಕೈಗೆ ಬಂದ ಮೊದಲ ಸರ್ಕಾರಿ ಪತ್ರ, ಅವಳು ಸತ್ತವರ ಪಟ್ಟಿಯಲ್ಲಿ ಇಲ್ಲ ಎಂಬುದು.

ಆಮೇಲೆ ಕೋರ್ಟಿನ ಅಪ್ಪಣೆಯಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು. ಇಂಥವರ ಮರಣ ನೋಂದಣಿಗೆ ಯಾರದಾದರೂ ತಕರಾರಿದ್ದರೆ ಹಾಜರಾಗಿ ಹೇಳತಕ್ಕದ್ದು ಎಂದು. ನಾನು ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನೋಡುವುದೇ ನಿಧನ ವಾರ್ತೆ. ವಯಸ್ಸಾಗುತ್ತಾ ಈ ಚಾಳಿ ಬರುತ್ತದೆ, ನಿಮ್ಮಲ್ಲೂ ಕೆಲವರಿಗೆ ಇರಬಹುದು. ಅಲ್ಲಿ ಭಾವಚಿತ್ರ, ಅಗಲಿದ ಬಂಧುಬಳಗ, ನಿವೃತ್ತರಾಗಿದ್ದರೆ ಹುದ್ದೆ. ದೊಡ್ಡತ್ತೆಯ ಹೆಸರು ಪತ್ರಿಕೆಯಲ್ಲಿ ಬಂದದ್ದು ಅದೊಂದೇ ಸಲ, ಅದೂ ನಿಧನ ವಾರ್ತೆಯಲ್ಲಿ ಅಲ್ಲ. ಹರಾಜು ಪ್ರಕಟಣೆ ಮತ್ತು ಕಳೆದುಹೋದ ಅಂಕಪಟ್ಟಿಯ ನಡುವೆ.

ಸಾವನ್ನು ಬರೆದಿಡುವುದು ನಮ್ಮ ನಾಡಿಗೆ ಹೊಸದಲ್ಲ. ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಗಂಗರ ಅರಸ ನೀತಿಮಾರ್ಗನ ಮರಣದ ಕಲ್ಲು ಸಿಕ್ಕಿದೆ. ಸಾಯುತ್ತಿರುವ ಅರಸನನ್ನೂ ಆಗ ಅವನ ಬಳಿ ಇದ್ದವರನ್ನೂ ಅದರಲ್ಲಿ ಕೆತ್ತಿದ್ದಾರೆ. ಅದರ ಕಾಲ ೮೪೦ ಎಂದು ಕೆಲವರು ಹೇಳಿದರೆ, ೮೬೯ ಎಂದು ಇನ್ನು ಕೆಲವರು ಹೇಳಿದರು. ಅರಸನ ಸಾವಿನ ವರ್ಷವೇ ವಿದ್ವಾಂಸರಲ್ಲಿ ಇತ್ಯರ್ಥವಾಗಿಲ್ಲ, ಆದರೆ ಕೊನೆಗಳಿಗೆಯಲ್ಲಿ ಅವನ ಹತ್ತಿರ ಯಾರೋ ಇದ್ದರೆಂಬುದು ಕಲ್ಲಿನಲ್ಲಿ ಉಳಿದಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ೯೪೯ರ ಸುಮಾರಿನ ಶಾಸನ ಇನ್ನೂ ಸೋಜಿಗದ್ದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು. ಈ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಸಾವಿರ ವರ್ಷದ ಹಿಂದಿನ ನಾಯಿಗೆ ಇರುವ ಒಂದು ಸಾಲು ನನ್ನ ಅತ್ತೆಗೆ ಇಲ್ಲವಲ್ಲ ಎಂದು ಕೋರ್ಟಿನ ಜಗಲಿಯಲ್ಲಿ ಕಾಯುತ್ತಾ ಕೂತಾಗ ಅನ್ನಿಸಿತು.

ವಿಚಾರಣೆಯ ದಿನ ನನ್ನನ್ನು ಕೇಳಿದ ಪ್ರಶ್ನೆಗಳು ನಾಲ್ಕೈದು ಮಾತ್ರ. ಅದರಲ್ಲಿ ಒಂದು, “ಮೃತರಾದ ದಿನ ನೀವು ಸ್ಥಳದಲ್ಲಿ ಇದ್ದಿರಾ?”

“ಇರಲಿಲ್ಲ” ಎಂದೆ. ಅಷ್ಟೇ. ಆದರೆ ಎರಡು ವರ್ಷದಿಂದ ಆ ಮಾತನ್ನು ನಾನು ಯಾರೆದುರೂ ಹೇಳಿರಲಿಲ್ಲ.

ಹಾಗಾದರೆ ಇದ್ದವರು ಯಾರು? ತಮ್ಮ ಹೊಲದಲ್ಲಿದ್ದ, ಅವನ ಹೆಂಡತಿ ನೀರಿಗೆ ಹೋಗಿದ್ದಳು. ವಕೀಲರು ಕೇಳಿ ಕೇಳಿ ಕೊನೆಗೆ ಒಂದು ಹೆಸರು ಹೊರಬಿತ್ತು. ದೊಡ್ಡತ್ತೆಯ ಜೊತೆ ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ಪಕ್ಕದ ರಾಟೆಯಲ್ಲಿ ಕೂತ ಮುದುಕಿ. ಅವರದು ಆಚೆ ಬೀದಿ, ದಲಿತರ ಬೀದಿ.

ಬದನವಾಳು ಎಂದರೆ ಹೊರಗಿನವರಿಗೆ ಖಾದಿಗಿಂತ ಮೊದಲು ನೆನಪಾಗುವುದು ಇನ್ನೊಂದು. ದೇವಸ್ಥಾನ ಪ್ರವೇಶದ ವಿವಾದ ಬೆಳೆದು ೧೯೯೩ರ ಮಾರ್ಚ್ ೨೫ರಂದು ಮೂವರು ದಲಿತರ ಕೊಲೆಯಾಯಿತು. ಆಗ ನಾನು ಇಪ್ಪತ್ತರ ಹರೆಯದವಳು. ಬಹಳ ಕಾಲ ಬೀದಿಯಿಂದ ಬೀದಿಗೆ ಮಾತಿರಲಿಲ್ಲ. ನಮ್ಮ ಮನೆಯಲ್ಲಿ ಆ ದಿನದ ಬಗ್ಗೆ ಮಾತೆತ್ತಿದರೆ ಗಂಡಸರು, “ಆ ಗಲಾಟೆ” ಎಂದು ಹೇಳಿ ಮುಗಿಸುತ್ತಿದ್ದರು. ದೊಡ್ಡತ್ತೆ ಒಬ್ಬಳು ಗಲಾಟೆ ಎನ್ನುತ್ತಿರಲಿಲ್ಲ. “ಮೂರು ಜನ ಹೋದ ದಿನ” ಎನ್ನುತ್ತಿದ್ದಳು. ದಿನವನ್ನು ಸರಿಯಾಗಿ ಹೇಳುವುದು ಅವಳಿಗೆ ಸತ್ತವರಿಗೆ ಕೊಡುವ ಮರ್ಯಾದೆಯಾಗಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ಆ ಮುದುಕಿ ಸಾಕ್ಷಿ ಹೇಳಲು ಬಂದರು. ಜಗಲಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. “ನೋಡ್ಕಂಡ್ ಹೋಗಾನ ಅಂತ ಬಂದಿದ್ನಿ ಕನವ್ವ. ನೀರು ಅಂತು. ಕುಡಿಸ್ದಿ. ನಿನ್ನ ಹೆಸ್ರೇಳಿ, ಬಂದ್ಲಾ ಅಂತ ಕೇಳ್ತು. ಬತ್ತಾವ್ಳೆ ಅಂದಿ.”

ನನ್ನ ಬದಲಿಗೆ ಅವರು ಹೇಳಿದ ಆ ಸುಳ್ಳನ್ನು ಯಾವ ತಕ್ಕಡಿಯಲ್ಲಿ ತೂಗಲಿ? ಸುಳ್ಳೆಲ್ಲ ಒಂದೇ ಅಲ್ಲ ಎಂದು ಅಂದು ತಿಳಿಯಿತು. ಅವರದು ಸಾಯುವವಳ ಸಲುವಾಗಿ ಹೇಳಿದ್ದು. ನಾನು ಬರೆಯಹೊರಟಿದ್ದು ಬದುಕಿರುವ ನನ್ನ ಸಲುವಾಗಿ. ಹೋದ ವಾರದ ದಿನಾಂಕ ಹಾಕಿ ಪಕ್ಕದ ಮನೆಯವರಿಬ್ಬರ ಸಹಿ ತೆಗೆದುಕೊಂಡಿದ್ದರೆ ನಾನು ಇಲ್ಲದ್ದು ಮಾತ್ರ ಅಳಿಸುತ್ತಿರಲಿಲ್ಲ. ಈ ತಾಯಿ ಇದ್ದದ್ದೂ ಅಳಿಸಿಹೋಗುತ್ತಿತ್ತು.

ಆದೇಶ ಬಂದು, ನೋಂದಣಿಯಾಗಿ, ಪತ್ರ ಕೈ ಸೇರಿತು. ಹೆಸರು, ಲಿಂಗ, ಸತ್ತ ದಿನ, ಸತ್ತ ಸ್ಥಳ, ತಂದೆ ತಾಯಿಯ ಹೆಸರು, ನೋಂದಣಿ ಸಂಖ್ಯೆ. ಸಾವಿನ ಕಾರಣ ಅದರಲ್ಲಿ ಇರುವುದಿಲ್ಲ. ರಿಜಿಸ್ಟರಿನಲ್ಲಿ ಕಾರಣ ಬರೆದಿದ್ದರೂ ಹೊರಗೆ ಕೊಡುವ ಪ್ರತಿಯಲ್ಲಿ ಅದನ್ನು ತೋರಿಸಬಾರದೆಂದು ಕಾಯ್ದೆಯ ೧೭ನೇ ಕಲಮಿನಲ್ಲೇ ಇದೆ. ಸತ್ತವರ ಕಾಯಿಲೆ ಕಸಾಲೆ ಬೀದಿಯ ಮಾತಾಗದಿರಲಿ ಎಂಬ ಮರ್ಯಾದೆ ಇರಬೇಕು. ಅದು ಸರಿಯೇ. ಆದರೆ ಯಾವ ಸಾವಿನ ಪತ್ರವೂ ಅರ್ಧವನ್ನೇ ಹೇಳುತ್ತದೆ. ಯಾಕೆ ಸತ್ತರು, ಯಾರು ನೀರು ಕೊಟ್ಟರು, ಯಾರು ಬರಲಿಲ್ಲ ಎಂಬ ಉಳಿದರ್ಧ ಊರಿನವರ ಬಾಯಲ್ಲಿ, ಮನೆಯವರ ಮನಸ್ಸಿನಲ್ಲಿ ಇರಬೇಕು. ಕಾಗದ ಬಂತು ಎಂದು ನಾವು ಮರೆಯುವ ಹಾಗಿಲ್ಲ. ಮೂವರು ಸತ್ತು ೨೯ ವರ್ಷವಾದ ಮೇಲೆ, ೨೦೨೨ರ ಅಕ್ಟೋಬರ್ ೨ರಂದು, ರಾಹುಲ್ ಗಾಂಧಿಯವರ ಪಾದಯಾತ್ರೆ ಬಂದ ದಿನ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ಕೂತು ಉಂಡರು. ಒಳ್ಳೆಯದೇ ಆಯಿತು. ಒಟ್ಟಿಗೆ ಉಣ್ಣುವುದಕ್ಕೂ ದಿನ ಮರೆಯುವುದಕ್ಕೂ ಸಂಬಂಧವಿಲ್ಲ.

ಓದುವ ಅಕ್ಕತಂಗಿಯರಿಗೆ ಹೇಳಬೇಕಾದದ್ದು ಇನ್ನೊಂದಿದೆ. ೨೦೨೦ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು ೮೧ ಲಕ್ಷ. ಅದರಲ್ಲಿ ಗಂಡಸರದು ನೂರಕ್ಕೆ ೬೦, ಹೆಂಗಸರದು ೪೦. ಹೆಂಗಸರು ಅಷ್ಟು ಕಡಿಮೆ ಸಾಯುತ್ತಾರೆಯೇ? ಇಲ್ಲ. ಎಷ್ಟೋ ಹೆಂಗಸರ ಸಾವನ್ನು ಬರೆಸುವವರಿಲ್ಲ. ಗಂಡಸು ಸತ್ತರೆ ಖಾತೆ, ಪಿಂಚಣಿ, ವಿಮೆ, ಬ್ಯಾಂಕು ಎಲ್ಲವೂ ಪತ್ರ ಕೇಳುತ್ತವೆ. ಹೆಂಗಸು ಸತ್ತರೆ ಕೇಳುವವರಿಲ್ಲ, ಅವಳ ಹೆಸರಿನಲ್ಲಿ ಏನೂ ಇಲ್ಲದ್ದರಿಂದ. ೧೯೫೬ರ ಕಾನೂನಿನಂತೆ ಮಗಳೂ ವಾರಸುದಾರಳು. ೨೦೦೫ರ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಅವಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ದೊಡ್ಡತ್ತೆ ಬದುಕಿದ್ದಾಗ ಅವಳಿಗೊಂದು ಪಾಲಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಆ ಪಾಲಿಗೆ ಮುಂದೆ ಯಾರೂ ಇಲ್ಲವೆಂದು ತೋರಿಸಬೇಕಾದಾಗ ಮಾತ್ರ ಅವಳ ಸಾವು ಬೇಕಾಯಿತು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಕೆಟ್ಟವನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಅತ್ತೆಗೆ ಒಂದು ಹೊತ್ತೂ ಊಟ ತಪ್ಪಿಸಲಿಲ್ಲವಲ್ಲಕ್ಕ” ಎಂದ. ಅದೂ ನಿಜ. ನ್ಯಾಯದಲ್ಲಿ ಸಲ್ಲಬೇಕಾದದ್ದನ್ನು ಅನ್ನದಲ್ಲಿ ತೀರಿಸಿದೆವೆಂದು ಸಮಾಧಾನ ಪಟ್ಟುಕೊಳ್ಳುವ ಮನೆಗಳು ನಮ್ಮದೊಂದೇ ಅಲ್ಲ.

೨೦೨೨ರ ಡಿಸೆಂಬರಿನಲ್ಲಿ ಅಮ್ಮ ಹೋದಳು. ಆ ಸಲ ನಾನು ಪಕ್ಕದಲ್ಲೇ ಇದ್ದೆ. ಅವಳ ಹೆಸರಿನಲ್ಲಿ ಒಂದು ಗುಂಟೆ ಜಮೀನಿಲ್ಲ, ವಿಮೆಯಿಲ್ಲ, ಬ್ಯಾಂಕಿನಲ್ಲಿ ದುಡ್ಡಿಲ್ಲ. ಹಾಲುತುಪ್ಪ ಮುಗಿದ ಮಾರನೆಯ ದಿನವೇ ನಾನು ಬರೆಸಲು ಹೊರಟಾಗ ಬಂಧುಗಳಲ್ಲಿ ಒಬ್ಬರು ನನಗೆ ಕೇಳಿಸುವ ಹಾಗೆಯೇ ಅಂದರು. “ಇನ್ನೂ ಸೂತಕ ಕಳೆದಿಲ್ಲ, ಆಗಲೇ ಕಾಗದಕ್ಕೆ ಓಡ್ತಾಳೆ. ಏನೋ ಆಸೆ ಇರಬೇಕು.” ಹೆಣ್ಣಿನ ಸಾವನ್ನು ಕೂಡಲೇ ಬರೆಸಿದರೆ ಹೀಗೊಂದು ಮಾತು ಬರುತ್ತದೆ. ಅದಕ್ಕೆ ಹೆದರಿಯೂ ಎಷ್ಟೋ ಸಾವು ಬರೆಸದೆ ಉಳಿಯುತ್ತವೆಯೋ ಏನೋ. ಮಾತು ಬಂದರೆ ಬರಲಿ. ೨೧ ದಿನ ಬೇಗ ಕಳೆದುಹೋಗುತ್ತದೆ.

ಫಾರಂ ತುಂಬಿ ಕೊಟ್ಟೆ. ಕುರ್ಚಿಯಲ್ಲಿದ್ದ ಹುಡುಗ ಎಲ್ಲವನ್ನೂ ಸರಿನೋಡಿ, “ಎಷ್ಟು ಪ್ರತಿ ಬೇಕು ಮೇಡಂ? ಯಾತಕ್ಕೆ, ಖಾತೆಗಾ, ಬ್ಯಾಂಕಿಗಾ?” ಎಂದು ಕೇಳಿದ.

“ಯಾತಕ್ಕೂ ಬೇಡಪ್ಪ, ನಮ್ಮಮ್ಮ ತೀರಿಕೊಂಡಳು, ಅದಕ್ಕೆ” ಎಂದೆ.

ಅವನು ಒಂದು ಸಲ ನನ್ನ ಮುಖ ನೋಡಿ ಬರೆದುಕೊಂಡ. ಮುಂದಿನ ಮಹಾಲಯ ಅಮಾವಾಸ್ಯೆಗೆ ತವರಿಗೆ ಹೋಗಿ ಎಡೆ ಇಡುವಾಗ ಹೆಸರು ಹಿಡಿದು ಕರೆದವಳು ನಾನು. ಆಚೆ ಬೀದಿಯ ಆ ತಾಯಿಯನ್ನೂ ಮನೆಗೆ ಕರೆದಿದ್ದೆ. ಬಂದಿದ್ದರು, ಪಂಕ್ತಿಯಲ್ಲೇ ಕೂತು ಉಂಡರು. ಎಡೆಯ ಪಕ್ಕ ಒಂದು ಲೋಟ ನೀರಿಟ್ಟದ್ದು ಅವರೇ.